ಎಡಗೈಗೆ ಅಚ್ಚ ಕಪ್ಪು ತುಂಬಿಸಿದ ನನ್ನ ಅನುಭವ

ಹತ್ತೊಂಬತ್ತನೇ ವಯಸ್ಸಿನಲ್ಲಿ ಜಾತ್ರೆಯೊಂದರಲ್ಲಿ ಎಡಗೈ ಮೇಲೆ ಹೆಸರಿನ ಟ್ಯಾಟೂ ಹಾಕಿಸಿಕೊಂಡಿದ್ದೆ. ಸೂಜಿ ಆಳಕ್ಕೆ ಇಳಿದಿತ್ತು. ಮಸಿ ಒಳಗೇ ಹರಡಿ ಅಕ್ಷರಗಳೆಲ್ಲ ಕಲಸಿಹೋದವು. ಅದರ ಮೇಲೆ ಹಾಕಿಸಿದ ಚಿತ್ರವೂ ಕೂರಲಿಲ್ಲ. ಕೊನೆಗೆ ಬ್ಲ್ಯಾಕ್‌ಔಟ್ ಮಾಡಿಸಿದೆ, ಅಂದರೆ ಹಳೇದೆಲ್ಲ ಮುಚ್ಚುವಂತೆ ಬರೀ ಕಪ್ಪು ಮಸಿ ತುಂಬಿಸಿದೆ. ಮೊಣಕೈ ಕೆಳಗಿನಿಂದ ಮಣಿಕಟ್ಟಿನವರೆಗೆ, ಸುತ್ತಲೂ ಕಪ್ಪು.

ಬೆಂಗಳೂರಿನ ಕಲಾವಿದರು ಮೊದಲು ನನ್ನ ಮಚ್ಚೆಗಳನ್ನು ಎಣಿಸಿದರು. ಕಪ್ಪಿನ ಕೆಳಗೆ ಮಚ್ಚೆಯ ಬಣ್ಣ, ಆಕಾರ ಬದಲಾದರೆ ಯಾರಿಗೂ ಕಾಣುವುದಿಲ್ಲ, ಚರ್ಮದ ಡಾಕ್ಟರಿಗೆ ತೋರಿಸಿಕೊಂಡು ಬನ್ನಿ ಅಂದರು. ಗಾಯದ ಕಲೆ ಉಬ್ಬಿಕೊಳ್ಳುತ್ತಾ ಅಂತಲೂ ಕೇಳಿದರು. ನಮ್ಮಂಥ ಕಂದು ಚರ್ಮದವರಲ್ಲಿ ಕೀಲಾಯ್ಡ್, ಅಂದರೆ ಗಾಯದ ಜಾಗ ಮೀರಿ ಬೆಳೆಯುವ ಉಬ್ಬು ಕಲೆ, ಜಾಸ್ತಿ. ಈ ಎರಡು ಪ್ರಶ್ನೆ ಕೇಳದವರ ಮುಂದೆ ನಾನಂತೂ ಕೈ ಚಾಚುವುದಿಲ್ಲ.

ಮಣಿಕಟ್ಟಿನ ಅಂಚಿನ ಗೆರೆಗೇ ಒಂದು ಗಂಟೆ ಹೋಯಿತು. ಅಂಗೈ ಕೆಳಗಿದ್ದಾಗ ನೇರ ಕಾಣುವ ಗೆರೆ, ಅಂಗೈ ಮೇಲೆ ಮಾಡಿದರೆ ಓರೆಯಾಗುತ್ತದೆ. ಕೈ ತಿರುಗಿದಂತೆ ಚರ್ಮವೂ ತಿರುಚಿಕೊಳ್ಳುತ್ತದೆ ಅಲ್ವಾ. ಚುಚ್ಚುವ ಮೊದಲು ಪೆನ್ನಿನಲ್ಲಿ ಎಳೆದ ಗೆರೆಯನ್ನು ಮೂರು ಸಲ ಅಳಿಸಿದರು. ನಾನು ಕೈ ಸಡಿಲ ಬಿಟ್ಟು ಸುಮ್ನೆ ನಿಂತಾಗ ಹೇಗೆ ಕಾಣುತ್ತೋ ಅದನ್ನೇ ಇಟ್ಟುಕೊಂಡೆವು.

ತುಂಬುವುದಕ್ಕೆ ಮ್ಯಾಗ್ನಮ್, ಅಂದರೆ ಎರಡು ಸಾಲಾಗಿ ಜೋಡಿಸಿದ ಸೂಜಿಗಳು. ಚರ್ಮ ಬಿಗಿ ಎಳೆದು ಹಿಡಿದು ಚಿಕ್ಕ ಚಿಕ್ಕ ಸುತ್ತು ಹಾಕುತ್ತಾ ಹೋಗುತ್ತಾರೆ. ಮಸಿ ಇಳಿಯಬೇಕಾದ್ದು 1ರಿಂದ 2 ಮಿಲಿಮೀಟರ್. ಮೇಲೇ ಉಳಿದರೆ ಉದುರಿಹೋಗುತ್ತದೆ, ಆಳ ಹೋದರೆ ಹರಡುತ್ತದೆ. ಮೊದಲ ದಿನ ನಾಲ್ಕು ಗಂಟೆ, ಹೊರಭಾಗ ಮಾತ್ರ. ಮೂರನೇ ಗಂಟೆ ದಾಟಿದ ಮೇಲೆ ಸೂಜಿಗಿಂತ ಟಿಶ್ಯೂನಿಂದ ಒರೆಸುವುದೇ ಜಾಸ್ತಿ ಉರಿಯಿತು. ಮೂರು ವಾರ ಬಿಟ್ಟು ಒಳಭಾಗ. ಮಣಿಕಟ್ಟಿನ ಒಳಗೆ ಸೂಜಿ ಬಂದಾಗ ಕಣ್ಣಲ್ಲಿ ನೀರು ಬಂತು.

ಆ ರಾತ್ರಿ ಬೆರಳು ಮಡಚಲಾಗದಷ್ಟು ಊದಿತ್ತು. ಉಂಗುರ ಮೊದಲೇ ತೆಗೆದಿಟ್ಟಿದ್ದು ಒಳ್ಳೇದಾಯ್ತು. ದಿಂಬಿನ ಮೇಲೆ ಕೈ ಎತ್ತಿಟ್ಟು ಮಲಗಿದೆ. ಬೆಳಿಗ್ಗೆ ಸೆಕೆಂಡ್ ಸ್ಕಿನ್, ಅಂದರೆ ಹೊಸ ಟ್ಯಾಟೂ ಮೇಲೆ ಅಂಟಿಸುವ ತೆಳು ಹಾಳೆಯೊಳಗೆ ಮಸಿ ಬೆರೆತ ನೀರು ತುಂಬಿ ತುಳುಕುತ್ತಿತ್ತು. ಅಮ್ಮ ಅರಿಶಿನ ತಂದರು, ಬೇಡ ಅಂದೆ. ವಾಸನೆಯಿಲ್ಲದ ಸೋಪು, ತೆಳುವಾಗಿ ಲೋಷನ್, ಅಷ್ಟೇ. ಒಂದು ವಾರಕ್ಕೆ ಸಿಪ್ಪೆ ಏಳತೊಡಗಿತು. ನಿದ್ದೆಯಲ್ಲಿ ಮೊಣಕೈ ಹತ್ತಿರ ಕೆರೆದುಕೊಂಡುಬಿಟ್ಟೆ. ಅಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಬೂದು ಬಣ್ಣಕ್ಕೆ ತಿರುಗಿತು.

ಕೂಡಲೇ ತುಂಬಿಕೊಡಿ ಅಂತ ಗೋಗರೆದೆ. ಅವರು ಒಪ್ಪಲಿಲ್ಲ. ಚರ್ಮದ ಮೇಲಿನ ಹೊಳಪು ಹೋಗುವವರೆಗೆ ಒಳಗೆ ಮಾಗಿಲ್ಲ ಅಂತ ಅರ್ಥ, ಈಗ ಮತ್ತೆ ಚುಚ್ಚಿದರೆ ಕಲೆ ಬೀಳುತ್ತದೆ ಅಂದರು. ಆರು ವಾರ ಕಾದೆ. ಆಮೇಲಿನ ಒಂದೂವರೆ ಗಂಟೆ ಕೆಲಸದಲ್ಲಿ ಬೂದು ಜಾಗಗಳೆಲ್ಲ ಮುಚ್ಚಿದವು. ಇಡೀ ಕೆಲಸದಲ್ಲಿ ನನಗೆ ಕಷ್ಟವಾಗಿದ್ದು ಈ ಕಾಯುವುದೇ. ಕೈ ಚೆನ್ನಾಗಿ ಬಂದಿದ್ದೂ ಅದರಿಂದಲೇ.

ಈಗ ಕಪ್ಪು ಒಂದೇ ಸಮನಾಗಿದೆ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಹಳೇ ಹೆಸರಿನ ಗೆರೆಗಳು ಉಬ್ಬಿ ಕಾಣುತ್ತವೆ, ಬೆರಳಿಗೂ ತಾಗುತ್ತವೆ. ಮಧ್ಯಾಹ್ನ ಹೊರಗೆ ಹೊರಟರೆ ಆ ಕೈ ಬೇಗ ಕಾಯುತ್ತದೆ, ಎಸ್‌ಪಿಎಫ್ 50 ಸನ್‌ಸ್ಕ್ರೀನ್ ಹಚ್ಚದೆ ಹೋಗುವುದಿಲ್ಲ. ವರ್ಷಕ್ಕೆರಡು ಸಲ ರಕ್ತ ಕೊಡುತ್ತಿದ್ದೆ. ಟ್ಯಾಟೂ ಆದಮೇಲೆ 12 ತಿಂಗಳು ಕೊಡುವಂತಿಲ್ಲ, ಕೊನೆಯ ಸಲ ಚುಚ್ಚಿದ ದಿನದಿಂದ ಲೆಕ್ಕ. ನನಗಿನ್ನೂ ಐದು ತಿಂಗಳು ಬಾಕಿ ಇದೆ.