ಮಗುವಿಗೆ ಆಪರೇಷನ್ ದಿನ ನಿಗದಿಯಾದಾಗ ಮನೆಯವರು ಮಾಡಿಕೊಳ್ಳಬೇಕಾದ ಸಿದ್ಧತೆ

ಟಾನ್ಸಿಲ್, ಹರ್ನಿಯಾ, ಕೆಳಗಿಳಿಯದ ವೃಷಣ ಮುಂತಾದ ತೊಂದರೆಗಳಿಗಾಗಿ ಮಕ್ಕಳಿಗೆ ಮಾಡುವ ಶಸ್ತ್ರಚಿಕಿತ್ಸೆಗಳ ದಿನ ಸಾಮಾನ್ಯವಾಗಿ ಮೊದಲೇ ಗೊತ್ತಾಗಿರುತ್ತದೆ. ಆ ನಡುವಿನ ದಿನಗಳಲ್ಲಿ ದೊಡ್ಡವರು ರಜೆ, ಹಣ, ರಕ್ತಪರೀಕ್ಷೆ ಎಂದು ಓಡಾಡುತ್ತಾರೆ. ಆಪರೇಷನ್ ಆಗಬೇಕಾದ ಮಗುವಿಗೆ ಮಾತ್ರ ಯಾರೂ ಏನನ್ನೂ ಹೇಳಿರುವುದಿಲ್ಲ. ಐಸ್‌ಕ್ರೀಂ ತಿನ್ನಲು ಹೋಗೋಣವೆಂದು ಹೊರಡಿಸಿ ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದರೆ ಆ ಹೊತ್ತಿನ ಅಳು ತಪ್ಪಬಹುದು. ಆದರೆ ಸೂಜಿ ಚುಚ್ಚಿದ ಕ್ಷಣದಿಂದ ಆ ಮಗು ಡಾಕ್ಟರನ್ನಷ್ಟೇ ಅಲ್ಲ, ಅಮ್ಮನ ಮಾತನ್ನೂ ನಂಬುವುದಿಲ್ಲ. ಆದ್ದರಿಂದ ಮೊದಲ ಸಿದ್ಧತೆ ಎಂದರೆ ನಿಜವನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳುವುದು.

ಯಾವಾಗ ಹೇಳಬೇಕೆಂಬುದು ವಯಸ್ಸನ್ನು ಅವಲಂಬಿಸಿದೆ. ಎರಡು ಮೂರು ವರ್ಷದ ಮಗುವಿಗೆ ಹಿಂದಿನ ದಿನ ಅಥವಾ ಅದರ ಹಿಂದಿನ ದಿನ ಹೇಳಿದರೆ ಸಾಕು, ಏಕೆಂದರೆ ಆ ವಯಸ್ಸಿನಲ್ಲಿ 'ಮುಂದಿನ ವಾರ' ಎಂಬುದಕ್ಕೆ ಅರ್ಥವಿಲ್ಲ. ನಾಲ್ಕರಿಂದ ಆರು ವರ್ಷದವರಿಗೆ ಮೂರು ನಾಲ್ಕು ದಿನ ಮೊದಲು, ಶಾಲೆಗೆ ಹೋಗುವ ದೊಡ್ಡ ಮಕ್ಕಳಿಗೆ ಒಂದು ವಾರ ಅಥವಾ ಇನ್ನೂ ಮೊದಲು ಹೇಳುವುದು ಒಳ್ಳೆಯದು. ಹದಿಹರೆಯದವರಾದರೆ ವೈದ್ಯರೊಂದಿಗೆ ಮಾತನಾಡುವಾಗಲೇ ಪಕ್ಕದಲ್ಲಿ ಕೂರಿಸಿಕೊಂಡು, ಅವರ ಪ್ರಶ್ನೆಗಳನ್ನು ಅವರೇ ಕೇಳಲು ಬಿಡಬೇಕು.

'ಕೊಯ್ಯುತ್ತಾರೆ', 'ಕತ್ತರಿಸುತ್ತಾರೆ' ಎಂಬ ಮಾತುಗಳು ಬೇಡ. "ಗಂಟಲಿನಲ್ಲಿ ಪದೇ ಪದೇ ನೋವು ಕೊಡುತ್ತಿರುವ ಗಡ್ಡೆಯನ್ನು ಡಾಕ್ಟರು ತೆಗೆಯುತ್ತಾರೆ. ಆಗ ನಿನಗೆ ಔಷಧಿ ಕೊಟ್ಟು ಮಲಗಿಸಿರುತ್ತಾರೆ. ಇದು ರಾತ್ರಿಯ ನಿದ್ದೆಯಂತಲ್ಲ, ಮುಟ್ಟಿದರೂ ಗೊತ್ತಾಗುವುದಿಲ್ಲ, ಕೆಲಸ ಮುಗಿಯುವವರೆಗೂ ಎಚ್ಚರವಾಗುವುದಿಲ್ಲ, ಮುಗಿದ ಮೇಲೆ ಎಚ್ಚರವಾಗುತ್ತದೆ" ಎಂದರೆ ಐದು ವರ್ಷದ ಮಗುವಿಗೆ ಸಾಕಷ್ಟು ತಿಳಿಯುತ್ತದೆ. 'ನಿದ್ದೆ ಮಾಡಿಸುತ್ತಾರೆ' ಎಂದಷ್ಟೇ ಹೇಳಿ ಬಿಟ್ಟರೆ ಕೆಲವು ಮಕ್ಕಳು ಮುಂದೆ ಮನೆಯಲ್ಲಿ ಮಲಗಲೂ ಅಂಜಬಹುದು. 'ನೋವೇ ಆಗುವುದಿಲ್ಲ' ಎಂಬ ಭರವಸೆಯನ್ನೂ ಕೊಡಬಾರದು. ನೋವಾಗುತ್ತದೆ, ಅದಕ್ಕೆ ಔಷಧಿ ಇದೆ, ನೋವಾದಾಗ ಹೇಳಬೇಕು ಎನ್ನುವುದೇ ಸರಿ.

ಇನ್ನೊಂದು ವಿಷಯವನ್ನು ಹಿರಿಯರ ಕಿವಿಗೂ ಹಾಕಬೇಕು. 'ಊಟ ಮಾಡದಿದ್ದರೆ ಸೂಜಿ ಚುಚ್ಚಿಸುತ್ತೇನೆ' ಎಂದು ಗದರಿಸುವ ರೂಢಿ ನಮ್ಮ ಬಹಳಷ್ಟು ಮನೆಗಳಲ್ಲಿದೆ. ಮೂರರಿಂದ ಆರು ವರ್ಷದ ಮಕ್ಕಳು ತಮಗೆ ಬಂದ ಕಾಯಿಲೆಯನ್ನು ತಮ್ಮ ತಪ್ಪಿಗೆ ಸಿಕ್ಕ ಶಿಕ್ಷೆ ಎಂದು ಭಾವಿಸುವುದು ಸಾಮಾನ್ಯವಾಗಿರುವುದರಿಂದ, ಈ ಗದರಿಕೆ ಆಸ್ಪತ್ರೆಯಲ್ಲಿ ನಿಜವಾಗಿ ಎದುರು ನಿಂತಂತಾಗುತ್ತದೆ. "ಇದು ನಿನ್ನ ತಪ್ಪಿನಿಂದ ಆದದ್ದಲ್ಲ" ಎಂಬ ಮಾತನ್ನು ಮಗು ಕೇಳದಿದ್ದರೂ ನಾವೇ ಹೇಳಬೇಕು.

ಮಾತಿಗಿಂತ ಆಟ ಹೆಚ್ಚು ಕೆಲಸ ಮಾಡುತ್ತದೆ. ಗೊಂಬೆಯ ಕೈಗೆ ಬ್ಯಾಂಡೇಜು ಸುತ್ತಿ, ಮೂಗಿನ ಮೇಲೆ ಕಾಗದದ ಬಟ್ಟಲನ್ನು ಮಾಸ್ಕಿನಂತೆ ಇಟ್ಟು, ಮಗುವನ್ನೇ ಡಾಕ್ಟರನ್ನಾಗಿ ಮಾಡಿದರೆ ಅದರ ಮನಸ್ಸಿನಲ್ಲಿ ಯಾವ ಭಯವಿದೆ ಎಂಬುದು ತಾನಾಗಿ ಹೊರಬರುತ್ತದೆ. ಔಷಧಿ ಕೊಡಲು ಕೈಯ ರಕ್ತನಾಳಕ್ಕೆ ಹಾಕುವ ಕ್ಯಾನುಲಾದ ಬಗ್ಗೆ ಇಲ್ಲಿಯೇ ಹೇಳಿಕೊಡಿ. ಸೂಜಿಯನ್ನು ಹೊರತೆಗೆದ ಮೇಲೆ ಒಳಗೆ ಉಳಿಯುವುದು ಮೆತ್ತನೆಯ ಪ್ಲಾಸ್ಟಿಕ್ ಕೊಳವೆ ಮಾತ್ರ. ಇದು ಗೊತ್ತಿಲ್ಲದ ಮಕ್ಕಳು, ದೊಡ್ಡವರೂ ಸಹ, ಸೂಜಿ ಇನ್ನೂ ಒಳಗೇ ಇದೆಯೆಂದು ಭಾವಿಸಿ ಇಡೀ ದಿನ ಕೈಯನ್ನು ಬಿಗಿಹಿಡಿದುಕೊಂಡಿರುತ್ತಾರೆ.

ಚುಚ್ಚುವ ನೋವನ್ನು ಕಡಿಮೆ ಮಾಡುವ ಉಪಾಯಗಳಿವೆ, ಆದರೆ ಕೇಳದೆ ಅವು ಸಿಗುವುದು ಅಪರೂಪ. ಲಿಡೋಕೇನ್ ಮತ್ತು ಪ್ರಿಲೋಕೇನ್ ಇರುವ, ಚರ್ಮವನ್ನು ಮರಗಟ್ಟಿಸುವ ಮುಲಾಮನ್ನು ಸುಮಾರು ಒಂದು ಗಂಟೆ ಮೊದಲು ಹಚ್ಚಿ ಮೇಲೆ ಪಾರದರ್ಶಕ ಪಟ್ಟಿ ಅಂಟಿಸಬೇಕಾಗುತ್ತದೆ. ಆದ್ದರಿಂದ ದಾಖಲಾದ ಕೂಡಲೇ ನರ್ಸ್ ಬಳಿ ವಿಚಾರಿಸಿ. ಹಸುಗೂಸಿಗೆ ಲಸಿಕೆ ಹಾಕುವಾಗಲೋ ರಕ್ತ ತೆಗೆಯುವಾಗಲೋ ಎದೆಹಾಲು ಕುಡಿಸುತ್ತಿದ್ದರೆ ನೋವು ಕಡಿಮೆಯಾಗುತ್ತದೆ, ಆಪರೇಷನ್ನಿಗಾಗಿ ಹೊಟ್ಟೆ ಖಾಲಿ ಬಿಟ್ಟಿರುವ ಹೊತ್ತಿನಲ್ಲಿ ಮಾತ್ರ ಇದು ಸಲ್ಲದು. ಮಗುವನ್ನು ಅಂಗಾತ ಮಲಗಿಸಿ ನಾಲ್ಕು ಜನ ಅದುಮಿ ಹಿಡಿಯುವುದಕ್ಕಿಂತ ತಾಯಿಯೋ ತಂದೆಯೋ ತೊಡೆಯ ಮೇಲೆ ಕೂರಿಸಿ ಎದೆಗೊರಗಿಸಿಕೊಂಡು ಒಂದು ಕೈಯನ್ನು ಮಾತ್ರ ನರ್ಸಿಗೆ ಕೊಡುವುದು ಎಷ್ಟೋ ಮೇಲು.

ಇನ್ನು ಆಪರೇಷನ್ ಹಿಂದಿನ ರಾತ್ರಿಯ ಮಾತು. ಸಾಮಾನ್ಯವಾಗಿ ಅನ್ನ, ತಿಂಡಿ, ಹಸುವಿನ ಹಾಲನ್ನು 6 ಗಂಟೆ ಮೊದಲೂ, ಎದೆಹಾಲನ್ನು 4 ಗಂಟೆ ಮೊದಲೂ, ನೀರನ್ನು 2 ಗಂಟೆ ಮೊದಲೂ ನಿಲ್ಲಿಸಲಾಗುತ್ತದೆ. ನಿಮ್ಮ ಅರಿವಳಿಕೆ ತಜ್ಞರು ಕೊಟ್ಟ ಸಮಯವೇ ಅಂತಿಮ. ಅರಿವಳಿಕೆಯ ಮತ್ತು ಬಂದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು ಎಂಬುದೇ ಇದಕ್ಕೆ ಕಾರಣ. ಗಂಜಿ, ಮಜ್ಜಿಗೆ, ಹಾರ್ಲಿಕ್ಸ್ ಇವುಗಳಲ್ಲಿ ಯಾವುದೂ 'ನೀರು' ಅಲ್ಲ. ಮಗು ಹಸಿದು ಅಳುತ್ತದೆಂದು ಕರಗಿದ ಅಜ್ಜಿ ಸೆರಗಿನ ಮರೆಯಲ್ಲಿ ಎರಡು ಬಿಸ್ಕತ್ತು ಕೊಟ್ಟಿದ್ದರೆ, ಬೈಸಿಕೊಂಡರೂ ಸರಿ, ಅದನ್ನು ವೈದ್ಯರಿಗೆ ತಿಳಿಸಲೇಬೇಕು. ಆಪರೇಷನ್ ಮುಂದಕ್ಕೆ ಹೋಗಬಹುದು, ಮಗುವಿನ ಜೀವ ಅಪಾಯಕ್ಕೆ ಸಿಲುಕುವುದಿಲ್ಲ. ನೆಗಡಿ, ಕೆಮ್ಮು, ಜ್ವರ, ಅಲ್ಲಾಡುತ್ತಿರುವ ಹಾಲುಹಲ್ಲು, ಹಿಂದೆ ಯಾವುದಾದರೂ ಔಷಧಿಗೆ ಆದ ಅಲರ್ಜಿ, ಇವನ್ನೂ ಮುಚ್ಚಿಡಬಾರದು.

ಬಳೆ, ಕಾಲ್ಗೆಜ್ಜೆ, ಓಲೆ, ತಾಯತ, ಬೆಳ್ಳಿಯ ಉಡಿದಾರ ಎಲ್ಲವನ್ನೂ ತೆಗೆಯಬೇಕಾಗುತ್ತದೆ, ಏಕೆಂದರೆ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ವಿದ್ಯುತ್ ಉಪಕರಣದಿಂದ ಲೋಹವಿರುವ ಕಡೆ ಚರ್ಮ ಸುಡುವ ಸಂಭವವಿದೆ. ಇದನ್ನು ಮನೆಯ ಹಿರಿಯರಿಗೆ ಮೊದಲೇ ಹೇಳಿದರೆ ಥಿಯೇಟರಿನ ಬಾಗಿಲಲ್ಲಿ ಜಗಳ ತಪ್ಪುತ್ತದೆ. ತಾಯತವನ್ನು ಅಷ್ಟು ಹೊತ್ತು ತಾಯಿಯೇ ಕೈಗೆ ಕಟ್ಟಿಕೊಂಡಿರಬಹುದು. ಚೀಲದಲ್ಲಿ ತಾಯಿ ಕಾರ್ಡು, ಲಸಿಕೆಯ ದಾಖಲೆ, ಹಳೆಯ ಚೀಟಿಗಳು ಮತ್ತು ಮಗು ಮಲಗುವಾಗ ಹಿಡಿದುಕೊಳ್ಳುವ ವಸ್ತು ಇರಲಿ. ಅಮ್ಮನ ಹಳೆಯ ಸೀರೆಯ ತುಂಡು ಕೊಡುವ ಸಮಾಧಾನವನ್ನು ಹೊಸ ಆಟಿಕೆ ಕೊಡುವುದಿಲ್ಲ.

ಖರ್ಚಿನ ವಿಷಯವನ್ನು ಚುಟುಕಾಗಿ ಹೇಳುವುದಾದರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯೂ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30 ಭಾಗವೂ ಸಿಗುತ್ತದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುವುದರಿಂದ, ರೇಷನ್ ಕಾರ್ಡ್ ಮತ್ತು ಆಧಾರ್ ಹಿಡಿದು ಆಸ್ಪತ್ರೆಯಲ್ಲಿ ಈ ಯೋಜನೆಯ ನೆರವಿಗಿರುವ ಆರೋಗ್ಯಮಿತ್ರರನ್ನು ದಾಖಲಾಗುವ ಮೊದಲೇ ಕಾಣಬೇಕು.

ಇಂಗ್ಲೆಂಡಿನಲ್ಲಿ ಆಸ್ಪತ್ರೆಯಲ್ಲಿರುವ ಮಕ್ಕಳ ಯೋಗಕ್ಷೇಮ ಕುರಿತ 1959ರ ಪ್ಲಾಟ್ ವರದಿ ತಾಯಿತಂದೆಯರನ್ನು ಮುಕ್ತವಾಗಿ ಒಳಗೆ ಬಿಡಬೇಕೆಂದು ಹೇಳುವವರೆಗೂ ಬಹುತೇಕ ಮಕ್ಕಳ ವಾರ್ಡುಗಳಲ್ಲಿ ತಾಯಿತಂದೆಯರಿಗೆ ನಿಗದಿತ ಹೊತ್ತಿನಲ್ಲಿ ಮಾತ್ರ ಪ್ರವೇಶವಿತ್ತು. ನಮ್ಮಲ್ಲಿ ತಾಯಿ ಹಾಸಿಗೆಯ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುವುದು ರೂಢಿ. ಈ ಒಂದು ವಿಷಯದಲ್ಲಿ ನಮ್ಮ ರೂಢಿಯೇ ಮೇಲೆಂದು ನನ್ನ ಎಣಿಕೆ. ಆದರೂ ಥಿಯೇಟರಿನ ಒಳಗೆ ಎಲ್ಲಿಯವರೆಗೆ ಬರಬಹುದು, ಎಚ್ಚರವಾಗುವಾಗ ಪಕ್ಕದಲ್ಲಿರಬಹುದೇ ಎಂದು ಮುಂಚಿತವಾಗಿ ಕೇಳಿಕೊಂಡು, ಸಿಕ್ಕ ಉತ್ತರವನ್ನೇ ಮಗುವಿಗೂ ಹೇಳಿ. 'ಇಲ್ಲೇ ಇರುತ್ತೇನೆ' ಎಂದು ಹೇಳಿ ಮರೆಯಾಗುವುದಕ್ಕಿಂತ "ಆ ಬಾಗಿಲವರೆಗೆ ಬರುತ್ತೇನೆ, ಹೊರಗೆ ಕಾಯುತ್ತಿರುತ್ತೇನೆ" ಎನ್ನುವುದು ಲೇಸು.

ಅರಿವಳಿಕೆಯ ಮತ್ತು ಇಳಿಯುವಾಗ ಕೆಲವು ಮಕ್ಕಳು, ಅದರಲ್ಲೂ ಐದು ವರ್ಷದೊಳಗಿನವರು, ತಾಯಿಯನ್ನೂ ಗುರುತಿಸದೆ ಚೀರಾಡಿ ಕೈಕಾಲು ಬಡಿಯುವುದುಂಟು. ನೋಡಿದವರಿಗೆ ಎದೆ ಒಡೆಯುತ್ತದೆ, ಆದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದು ಶಮನವಾಗುತ್ತದೆ, ಮಗುವಿಗೆ ನೆನಪೂ ಇರುವುದಿಲ್ಲ.

ಟಾನ್ಸಿಲ್ ತೆಗೆದ ಮೇಲೆ ನೋವು ಒಂದರಿಂದ ಎರಡು ವಾರ ಇರಬಹುದು, ಕಿವಿಯಲ್ಲೂ ಕಾಣಿಸಿಕೊಳ್ಳಬಹುದು. ಗಂಟಲಿನ ಬಿಳಿಯ ಪೊರೆ ಕೀವಲ್ಲ, ಮಾಯುವ ಗುರುತು. ಪ್ಯಾರಾಸಿಟಮಾಲ್ ಪ್ರಮಾಣ ಮಗುವಿನ ತೂಕವನ್ನು ಅವಲಂಬಿಸಿರುತ್ತದೆ. ಒಂದೇ ಹೆಸರಿನ ಸಿರಪ್ 5 ಮಿ.ಲೀ.ಗೆ 120 ಅಥವಾ 250 ಮಿ.ಗ್ರಾಂ. ಇರಬಹುದು, ಡ್ರಾಪ್ಸ್ ಇನ್ನೂ ಗಾಢವಾಗಿರುತ್ತದೆ. ಆದ್ದರಿಂದ ಬಾಟಲಿಯ ಮೇಲಿನ ಸಂಖ್ಯೆಯನ್ನು ಚೀಟಿಯೊಂದಿಗೆ ತಾಳೆ ನೋಡಿ, ಅಡುಗೆಮನೆಯ ಚಮಚದ ಬದಲು ಅಳತೆಯ ಮುಚ್ಚಳದಲ್ಲೇ ಕೊಡಬೇಕು. ಐದನೆಯ ದಿನದಿಂದ ಹತ್ತನೆಯ ದಿನದೊಳಗೆ ಗಾಯದ ಪೊರೆ ಕಳಚುವಾಗ ರಕ್ತ ಬರುವ ಸಂಭವ ಹೆಚ್ಚು. ಉಗುಳಿನಲ್ಲಿ ತಾಜಾ ಕೆಂಪು ರಕ್ತ ಕಂಡರೆ, ಅಥವಾ ಮಗು ನಿದ್ದೆಯಲ್ಲಿ ಮತ್ತೆ ಮತ್ತೆ ಏನನ್ನೋ ನುಂಗುತ್ತಿದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಮನೆಗೆ ಬಂದ ಮೇಲೆ ಕೆಲವು ವಾರ ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ರಾತ್ರಿ ಬೆಚ್ಚುವುದು, ಅಮ್ಮನ ಸೆರಗು ಬಿಡದಿರುವುದು ಇರಬಹುದು. ಅದಕ್ಕಾಗಿ ಗದರಿಸಬೇಡಿ, ಮತ್ತೆ ಡಾಕ್ಟರಾಟ ಆಡಲು ಬಿಡಿ. ತಿಂಗಳು ಕಳೆದರೂ ಕಡಿಮೆಯಾಗದಿದ್ದರೆ ಮುಂದಿನ ತಪಾಸಣೆಯಲ್ಲಿ ಗಾಯದ ಜೊತೆಗೆ ಇದನ್ನೂ ವೈದ್ಯರಿಗೆ ತಿಳಿಸಿ.