ಡಿಎನ್‌ಡಿ ಇದ್ದರೂ ಕರೆ ನಿಲ್ಲದಿದ್ದಾಗ: ಬೇಡದ ಆಫರುಗಳನ್ನು ಮನೆಯಾಚೆ ಇಡುವ ನನ್ನ ಕ್ರಮ

ಡಿಎನ್‌ಡಿ (ಜಾಹೀರಾತು ಕರೆ, ಸಂದೇಶ ಬೇಡವೆಂಬ ನೋಂದಣಿ) ಹಾಕಿಸಿದರೂ ಸೈಟು, ಲೋನು, ಕ್ರೆಡಿಟ್ ಕಾರ್ಡಿನ ಕರೆ ತಪ್ಪಿಲ್ಲ ಎನ್ನುವವರ ಫೋನು ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಒಂದನ್ನೇ: ಕರೆ ಬಂದದ್ದು ಯಾವ ನಂಬರಿನಿಂದ? 140ರಿಂದ ಶುರುವಾಗುವುದೋ, 1600ರಿಂದ ಶುರುವಾಗುವುದೋ, ಮಾಮೂಲಿ ಹತ್ತಂಕಿಯ ಮೊಬೈಲೋ? ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚಿ, ಕೊನೆಗೆ ಮದ್ದೇ ಸರಿಯಿಲ್ಲ ಅನ್ನುತ್ತೇವೆ.

140 ಎಂದರೆ ನೋಂದಾಯಿತ ಟೆಲಿಮಾರ್ಕೆಟಿಂಗ್‌ನವರ ಜಾಹೀರಾತು ಕರೆ. ಅದು ನಿಮ್ಮ ಫೋನಿಗೆ ಬರುವ ಮುನ್ನ ದೂರಸಂಪರ್ಕ ಕಂಪನಿಯ ವ್ಯವಸ್ಥೆಯಲ್ಲಿ ನಿಮ್ಮ ಆದ್ಯತೆಯ ಪಟ್ಟಿಯೊಂದಿಗೆ ತಾಳೆಯಾಗಬೇಕು. ಡಿಎನ್‌ಡಿ ತಡೆಯುವುದು ಇದನ್ನು. 1600 ಬ್ಯಾಂಕು, ವಿಮೆಯಂಥವರ ಸೇವಾ ಕರೆಗೆ ಮೀಸಲು. ಅದರಲ್ಲಿ ಏನನ್ನೂ ಮಾರುವಂತಿಲ್ಲ. ಹತ್ತಂಕಿಯ ಮಾಮೂಲಿ ಸಿಮ್ಮಿನಿಂದ ಮಾರುಕಟ್ಟೆ ಕರೆ ಮಾಡುವುದೇ ನಿಯಮಬಾಹಿರ. ಆದರೆ ಆ ಕರೆ ತಾಳೆ ನೋಡುವ ದಾರಿಯಲ್ಲಿ ಬರುವುದೇ ಇಲ್ಲ. ನೆಂಟರ ಕರೆ ಹೇಗೆ ಬರುತ್ತದೋ ಹಾಗೆಯೇ ನೇರ ಬಂದುಬಿಡುತ್ತದೆ. ಡಿಎನ್‌ಡಿ ಅದನ್ನು ತಡೆಯಲಾರದು. ಅದಕ್ಕಿರುವ ಮದ್ದು ದೂರು ಕೊಡುವುದು.

ಡಿಎನ್‌ಡಿಯನ್ನು ಮನೆಯ ಪ್ರತಿ ಸಿಮ್ಮಿಗೂ ಬೇರೆಬೇರೆಯಾಗಿ ಹಾಕಬೇಕು. ಎರಡನೇ ಸ್ಲಾಟಿನಲ್ಲಿರುವ ಹಳೆಯ ಸಿಮ್ಮು, ಅಮ್ಮನ ಬಟನ್ ಫೋನು, ಇದ್ದರೆ ಲ್ಯಾಂಡ್‌ಲೈನು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆಯಾ ನಂಬರಿನಿಂದಲೇ 1909ಕ್ಕೆ ಇಂಗ್ಲಿಷಿನಲ್ಲಿ ‘ಫುಲ್ಲಿ ಬ್ಲಾಕ್’ ಎಂದು ಎಸ್ಸೆಮ್ಮೆಸ್ ಕಳಿಸುತ್ತೇನೆ. ಟೈಪು ಮಾಡಲು ಕಷ್ಟಪಡುವ ಹಿರಿಯರಿಗೆ ಅದೇ 1909ಕ್ಕೆ ಕರೆ ಮಾಡಿಸಿ ಧ್ವನಿ ಸೂಚನೆಯಂತೆ ಒತ್ತಿಸಿದರೆ ಆಯಿತು. ಪೂರ್ತಿ ಬಂದ್ ಮಾಡಿದರೆ ಬ್ಯಾಂಕಿನ ಒಟಿಪಿ ನಿಲ್ಲುತ್ತದೆ ಎಂಬ ಭಯ ಬೇಡ. ಒಟಿಪಿ, ಹಣ ಜಮೆಯಾದ ಸಂದೇಶ, ಗ್ಯಾಸ್ ಬುಕಿಂಗ್ ಸಂದೇಶ ಯಾವುದಕ್ಕೂ ಇದು ಅಡ್ಡ ಬರುವುದಿಲ್ಲ. ಕೆಲವನ್ನಷ್ಟೇ ತಡೆಯುವ ಅನುಕೂಲವೂ ಇದೆ. 1 ಬ್ಯಾಂಕು ವಿಮೆ, 2 ರಿಯಲ್ ಎಸ್ಟೇಟು, 3 ಶಿಕ್ಷಣ, 4 ಆರೋಗ್ಯ, ಹೀಗೆ 8ರವರೆಗೆ ವರ್ಗಗಳಿವೆ. ನಾನು ಅದರ ಗೋಜಿಗೆ ಹೋಗುವುದಿಲ್ಲ. ಬೇಕಾದ ಜಾಹೀರಾತು ಎಂಬುದು ನನಗೆ ಈವರೆಗೆ ಕಂಡಿಲ್ಲ. ಕಳಿಸಿ ಒಂದು ವಾರ ಬಿಟ್ಟು, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಡಿಎನ್‌ಡಿ ಆ್ಯಪಿನಲ್ಲಿ ನೋಂದಣಿ ನಿಂತಿದೆಯೇ ಎಂದು ನೋಡುತ್ತೇನೆ. ನಂಬರು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿದಾಗಲೂ ಇನ್ನೊಮ್ಮೆ ನೋಡುವುದು ಒಳ್ಳೆಯದು.

ಆಮೇಲೂ ಕೆಲವು ಸಂದೇಶ ಬರುತ್ತಲೇ ಇರುತ್ತವೆ. ಕಾರಣ ಸಮ್ಮತಿ. ಅಂಗಡಿಯ ಆ್ಯಪಿನಲ್ಲೋ ಖಾತೆ ತೆರೆಯುವ ಅರ್ಜಿಯಲ್ಲೋ ಗೀಟು ಹಾಕಿದ ಚೌಕವೊಂದು ಡಿಎನ್‌ಡಿಗಿಂತ ಮೇಲು. ಸಮ್ಮತಿ ಇದ್ದರೆ ತಾಳೆ ನೋಡುವ ವ್ಯವಸ್ಥೆ ದಾರಿ ಬಿಡುತ್ತದೆ. ಇಲ್ಲಿ ಎಸ್ಸೆಮ್ಮೆಸ್ ಕಳಿಸಿದವರ ಹೆಸರನ್ನು ಓದಲು ಕಲಿಯಬೇಕು. ಮೊದಲ ಎರಡಕ್ಷರ ದೂರಸಂಪರ್ಕ ಕಂಪನಿ ಮತ್ತು ಅದರ ವಲಯ (ಎರಡನೆಯದು ‘ಎಕ್ಸ್’ ಆಗಿದ್ದರೆ ಕರ್ನಾಟಕ ವಲಯ), ನಡುವೆ ಕಳಿಸುವವರ ಗುರುತು, ಕೊನೆಯಲ್ಲಿ ಅಡ್ಡಗೆರೆಯ ಮುಂದೆ ಒಂದಕ್ಷರ. ‘ಪಿ’ ಎಂದರೆ ಜಾಹೀರಾತು, ‘ಎಸ್’ ಸೇವೆ, ‘ಟಿ’ ವಹಿವಾಟು, ‘ಜಿ’ ಸರ್ಕಾರ. ‘ಪಿ’ ಸಂದೇಶದಲ್ಲಿ ಹೊರಬರುವ ದಾರಿಯನ್ನು ಕೊಡಲೇಬೇಕು. ಆ ದಾರಿ ಬಳಸಿದರೆ ಅದೇ ಕಂಪನಿ 90 ದಿನ ಮತ್ತೆ ಸಮ್ಮತಿ ಕೇಳುವಂತಿಲ್ಲ. ‘ಎಸ್’ ಎಂದು ಹಣೆಪಟ್ಟಿ ಹಚ್ಚಿಕೊಂಡು ಒಳಗೆ ಸಾಲದ ಆಫರು ತುಂಬಿದ್ದರೆ ಅದು ಕಳ್ಳದಾರಿ, ನೇರ ದೂರಿಗೆ ಅರ್ಹ. ನಡುವಿನ ಗುರುತು ಯಾರದ್ದೆಂದು ತಿಳಿಯದಿದ್ದರೆ ಟ್ರಾಯ್‌ನ ಎಸ್ಸೆಮ್ಮೆಸ್ ಹೆಡರ್ ತಾಣದಲ್ಲಿ ಹಾಕಿ ನೋಡಿದರೆ ಕಂಪನಿಯ ಹೆಸರು ಸಿಗುತ್ತದೆ.

ದೂರು ಕೊಡುವ ಕೆಲಸದಲ್ಲೇ ಹೆಚ್ಚಿನವರು ಎಡವುತ್ತಾರೆ. ಒಂದೇ ಎಸ್ಸೆಮ್ಮೆಸ್ಸಿನಲ್ಲಿ ಮೂರು ಸಂಗತಿ ಇರಬೇಕು: ಬಂದ ಸಂದೇಶದ ಪಠ್ಯ (ಕರೆಯಾಗಿದ್ದರೆ ಏನು ಮಾರುತ್ತಿದ್ದರು ಎಂಬ ಒಂದು ಸಾಲು), ಅಲ್ಪವಿರಾಮ, ಕಳಿಸಿದವರ ನಂಬರು ಅಥವಾ ಗುರುತು, ಅಲ್ಪವಿರಾಮ, ತಾರೀಖು. ತಾರೀಖು ದಿನ, ತಿಂಗಳು, ವರ್ಷದ ಕ್ರಮದಲ್ಲಿ, ಎರಡೆರಡು ಅಂಕಿ, ನಡುವೆ ಓರೆಗೆರೆ. ಇದನ್ನು 1909ಕ್ಕೆ ಕಳಿಸಿದರೆ ದೂರಿನ ಸಂಖ್ಯೆ ಬರುತ್ತದೆ, ಅದನ್ನು ಅಳಿಸಬಾರದು. ಡಿಎನ್‌ಡಿ ಆ್ಯಪಿನಲ್ಲಿ ಕರೆಪಟ್ಟಿಯಿಂದಲೇ ಆರಿಸಿ ಒತ್ತಿದರೂ ನಡೆಯುತ್ತದೆ. ನಂಬರು ತಪ್ಪುವ ಭಯ ಇರದ ಕಾರಣ ನನಗೆ ಅದೇ ಮೇಲು.

ದೂರು ತಿರಸ್ಕೃತವಾಗಲು ನಾನು ಕಂಡ ಮುಖ್ಯ ಕಾರಣ ತಾರೀಖು. ಕಂಪನಿಯವರು ತಮ್ಮ ದಾಖಲೆಯಲ್ಲಿ ಆ ದಿನ ಆ ನಂಬರಿನಿಂದ ನಿಮ್ಮ ನಂಬರಿಗೆ ಕರೆ ಹೋಗಿದೆಯೇ ಎಂದು ನೋಡುತ್ತಾರೆ. ನಿನ್ನೆಯ ಕರೆಗೆ ಇವತ್ತಿನ ತಾರೀಖು ಹಾಕಿದರೆ ಅಲ್ಲಿಗೇ ಮುಗಿಯಿತು. ಎರಡನೆಯ ತಪ್ಪು, ಸಂದೇಶದ ಒಳಗೆ ‘ಕರೆ ಮಾಡಿ’ ಎಂದು ಕೊಟ್ಟ ನಂಬರನ್ನೇ ಕಳಿಸಿದವರ ನಂಬರಿನ ಜಾಗದಲ್ಲಿ ಬರೆಯುವುದು. ಮೂರನೆಯದು, ಎರಡು ಸಿಮ್ಮಿನ ಫೋನಿನಲ್ಲಿ ಕರೆ ಒಂದಕ್ಕೆ ಬಂದಿರುತ್ತದೆ, ದೂರು ಇನ್ನೊಂದರಿಂದ ಹೋಗಿರುತ್ತದೆ. ಕರೆ ಬಂದ ಮೇಲೆ ದೂರು ಕೊಡಲು ಅವಧಿಯೂ ಇದೆ. ಟ್ರಾಯ್‌ನ 2018ರ ನಿಯಮಗಳಿಗೆ 2025ರ ಫೆಬ್ರುವರಿಯಲ್ಲಿ ತಂದ ತಿದ್ದುಪಡಿಯಲ್ಲಿ ಮೊದಲು 3 ದಿನವಿದ್ದ ಗಡುವು 7 ದಿನವಾಯಿತು. ಡಿಎನ್‌ಡಿ ನೋಂದಣಿ ಇಲ್ಲದವರೂ ಟೆಲಿಮಾರ್ಕೆಟಿಂಗ್‌ಗೆ ನೋಂದಾಯಿಸಿಕೊಳ್ಳದೆ ಕರೆ, ಸಂದೇಶ ಕಳಿಸುವವರ ಮೇಲೆ ದೂರು ಕೊಡಬಹುದೆಂದಾಯಿತು.

ಅದೇ ತಿದ್ದುಪಡಿಯ ಇನ್ನೊಂದು ಅಂಶ ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಬಹಳ ಉಪಯೋಗಿ. ಮಾಮೂಲಿ ಸಿಮ್ಮಿನ ಮೇಲೆ ಕ್ರಮ ಕೈಗೊಳ್ಳಲು ಮೊದಲು 7 ದಿನದಲ್ಲಿ 10 ದೂರು ಬೇಕಿತ್ತು, ಈಗ 10 ದಿನದಲ್ಲಿ 5 ಸಾಕು. ಸೈಟು ಮಾರುವವರು ಒಂದೇ ಕಟ್ಟಡದ ಪಟ್ಟಿ ಹಿಡಿದು ಸಾಲಾಗಿ ಕರೆ ಮಾಡುತ್ತಾರೆ. ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಆ ನಂಬರು ಹಾಕಿ, ಕರೆ ಬಂದ ಐದು ಮನೆಯವರು ತಮ್ಮ ತಮ್ಮ ಫೋನಿನಿಂದ ದೂರು ಕೊಟ್ಟರೆ ಸಾಕಾಗುತ್ತದೆ. ಕರೆ ಬಾರದವರು ದೂರು ಕೊಡಬಾರದು, ದಾಖಲೆ ತಾಳೆಯಾಗದೆ ಬಿದ್ದುಹೋಗುತ್ತದೆ. ತಪ್ಪು ಸಾಬೀತಾದರೆ ಮೊದಲ ಸಲ 15 ದಿನ ಹೊರಹೋಗುವ ಕರೆ ಬಂದ್, ಮತ್ತೆ ಮಾಡಿದರೆ ಒಂದು ವರ್ಷ ಎಲ್ಲ ಸಂಪರ್ಕವೂ ಕಡಿತ.

ನಿಮ್ಮ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಕರೆಂಟು ಇವತ್ತು ರಾತ್ರಿ ಕಡಿತವಾಗುತ್ತದೆ ಎನ್ನುವ ಕರೆಗಳನ್ನು 1909ಕ್ಕೆ ಕೊಂಡೊಯ್ಯಬೇಡಿ. ಅವು ವಂಚನೆ, ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿರುವ ಚಕ್ಷು ವಿಭಾಗಕ್ಕೆ ಸೇರಿದವು. ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಉಳಿದದ್ದೆಲ್ಲ ಆಮೇಲೆ. ವಾಟ್ಸ್ಯಾಪಿನ ಜಾಹೀರಾತಿಗೆ ಡಿಎನ್‌ಡಿ ಮುಟ್ಟುವುದಿಲ್ಲ. ಅಲ್ಲಿ ಬ್ಲಾಕ್ ಮಾಡುವಾಗ ರಿಪೋರ್ಟನ್ನೂ ಸೇರಿಸಿ ಒತ್ತಬೇಕು. ಬರೀ ಬ್ಲಾಕ್ ಮಾಡಿದರೆ ಆ ಸಂದೇಶ ವಾಟ್ಸ್ಯಾಪ್‌ನವರ ಪರಿಶೀಲನೆಗೆ ಹೋಗುವುದಿಲ್ಲ.

ಗುರುತಿಲ್ಲದ ಕರೆಗಳನ್ನೆಲ್ಲ ಸದ್ದಡಗಿಸುವ ಸೆಟ್ಟಿಂಗನ್ನು ನಾನು ಬಳಸುವುದಿಲ್ಲ. ಕೊರಿಯರ್‌ನವರು, ಲ್ಯಾಬಿನವರು, ಮಕ್ಕಳ ಶಾಲಾ ವ್ಯಾನಿನ ಹೊಸ ಡ್ರೈವರು, ಎಲ್ಲರೂ ಗುರುತಿಲ್ಲದ ನಂಬರಿನಿಂದಲೇ ಕರೆ ಮಾಡುವವರು.

ಇಷ್ಟೆಲ್ಲ ಮಾಡುವುದಕ್ಕಿಂತ ನಂಬರು ಸೋರುವ ಜಾಗಗಳನ್ನು ಮುಚ್ಚುವುದು ಅಗ್ಗ. ಬಟ್ಟೆ ಅಂಗಡಿಯ ಬಿಲ್ಲಿಂಗ್‌ನಲ್ಲಿ ‘ಮೊಬೈಲ್ ನಂಬರ್ ಹೇಳಿ ಸರ್’ ಎಂದರೆ ‘ಬೇಡ, ಪೇಪರ್ ಬಿಲ್ ಕೊಡಿ’ ಎನ್ನುತ್ತೇನೆ. ಸಿಸ್ಟಮ್ ಮುಂದೆ ಹೋಗಲ್ಲ ಎಂಬ ಉತ್ತರ ಬರುತ್ತದೆ. ನಂಬರು ಕೊಡದಿದ್ದರೆ ಬಿಲ್ಲು ಮಾಡಲ್ಲ ಎನ್ನುವಂತಿಲ್ಲವೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಹೇಳಿದೆ. ಅದನ್ನು ನೆನಪಿಸಿದರೆ ಸಾಮಾನ್ಯವಾಗಿ ಸಿಸ್ಟಮ್ಮು ಮುಂದೆ ಹೋಗುತ್ತದೆ. ಹೋಗದಿದ್ದರೆ ಗ್ರಾಹಕ ಸಹಾಯವಾಣಿ 1915. ಮಾಲಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ಲಕ್ಕಿ ಡ್ರಾ ಚೀಟಿ ತುಂಬಿಸುವ ಡಬ್ಬಿ ಇದೆಯಲ್ಲ, ಅದು ನಂಬರು ಕೂಡಿಹಾಕುವ ಡಬ್ಬಿ. ವಾರದೊಳಗೆ ‘ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬಂದು ತೆಗೆದುಕೊಂಡು ಹೋಗಿ’ ಎಂಬ ಕರೆ ಬರುತ್ತದೆ. ಇಬ್ಬರೂ ಬರಬೇಕು ಎನ್ನುವುದೇಕೆಂದರೆ ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಎಂದು ತಪ್ಪಿಸಿಕೊಳ್ಳುವ ದಾರಿ ಇರಬಾರದು. ಹೋದರೆ ಎರಡು ಗಂಟೆ ಕೂಡಿಸಿ ರಜಾ ಕ್ಲಬ್ಬಿನ ಸದಸ್ಯತ್ವ ಮಾರುತ್ತಾರೆ.

ಕೇಳದೆಯೇ ಕ್ರೆಡಿಟ್ ಕಾರ್ಡು ಮನೆಗೆ ಬಂದರೆ ಕತ್ತರಿಸಿ ಬಿಸಾಡಿ ಸುಮ್ಮನಿರಬೇಡಿ. ಖಾತೆ ತೆರೆದೇ ಇರಬಹುದು. ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಕೇಳದ ಕಾರ್ಡು ಕೊಡುವುದೇ ನಿಷಿದ್ಧ. ಅದಕ್ಕೆ ಬಿಲ್ಲು ಹಾಕಿದರೆ ಬ್ಯಾಂಕು ಶುಲ್ಕವನ್ನು ಹಿಂತಿರುಗಿಸುವುದರ ಜೊತೆಗೆ ಅದರ ಎರಡರಷ್ಟು ದಂಡವನ್ನೂ ಕಟ್ಟಿಕೊಡಬೇಕು. 30 ದಿನ ದಾಟಿದರೂ ಚಾಲೂ ಮಾಡದ ಕಾರ್ಡಿಗೆ ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು, ಒಪ್ಪಿಗೆ ಸಿಗದಿದ್ದರೆ 7 ಕೆಲಸದ ದಿನದಲ್ಲಿ ಖಾತೆ ಮುಚ್ಚಬೇಕು. ಆದ್ದರಿಂದ ‘ಕಾರ್ಡ್ ಕ್ಯಾನ್ಸಲ್ ಮಾಡೋಕೆ ಒಟಿಪಿ ಹೇಳಿ’ ಎಂದು ಯಾರಾದರೂ ಫೋನಿನಲ್ಲಿ ಕೇಳಿದರೆ ಹೇಳಬಾರದು, ಆ ಒಟಿಪಿ ಚಾಲೂ ಮಾಡುವುದಕ್ಕೂ ಇರಬಹುದು. ಲಕೋಟೆ, ಕಾರ್ಡಿನ ಕೊನೆಯ ನಾಲ್ಕಂಕಿ ಕಾಣುವ ಫೋಟೊ, ‘ನಾನು ಅರ್ಜಿ ಹಾಕಿಲ್ಲ’ ಎಂಬ ಒಂದೇ ಸಾಲು, ಇವನ್ನು ಬ್ಯಾಂಕಿನ ದೂರು ವಿಭಾಗಕ್ಕೆ ಇಮೇಲ್ ಮಾಡುತ್ತೇನೆ. 30 ದಿನದಲ್ಲಿ ಉತ್ತರವಿಲ್ಲದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು, ಶುಲ್ಕವಿಲ್ಲ. ಅಂದಹಾಗೆ ಕಾರ್ಡು ಮಾರುವವರು ಬೆಳಿಗ್ಗೆ 10ರಿಂದ ಸಂಜೆ 7ರೊಳಗೆ ಮಾತ್ರ ಕರೆ ಮಾಡಬಹುದು. ರಾತ್ರಿ ಊಟದ ಹೊತ್ತಿಗೆ ಬಂದರೆ ದೂರಿನಲ್ಲಿ ಸಮಯವನ್ನೂ ಬರೆಯಿರಿ.

ಕಾಗದದ ಕಾಟ ಈಗ ಮೊದಲಿನಷ್ಟಿಲ್ಲ. ಹಿಂದಿನ ಬಾಡಿಗೆದಾರರ ಹೆಸರಿಗೆ ಬರುವ ಪತ್ರವನ್ನು ಒಡೆಯದೆ ‘ಈ ವಿಳಾಸದಲ್ಲಿ ಇಲ್ಲ’ ಎಂದು ಮೇಲೆ ಬರೆದು ಪೋಸ್ಟ್‌ಮ್ಯಾನ್ ಕೈಗೆ ಕೊಡುತ್ತೇನೆ. ಹಾಗೆ ನಾಲ್ಕಾರು ಸಲ ವಾಪಸು ಹೋದರೆ ಬಹುಪಾಲು ನಿಲ್ಲುತ್ತವೆ. ಷೇರು ಕಂಪನಿಗಳ ಪತ್ರ ಬರುವುದು ಇಮೇಲ್ ನೋಂದಾಯಿಸದವರಿಗೆ. ಡಿಮ್ಯಾಟ್ ಖಾತೆಯಲ್ಲಿ ಇಮೇಲ್ ಸೇರಿಸಿದರೆ ಎಲ್ಲ ಕಂಪನಿಗಳದ್ದೂ ಒಮ್ಮೆಗೇ ನಿಲ್ಲುತ್ತದೆ. ಅಜ್ಜನ ಕಾಲದ ಕಾಗದದ ಷೇರುಗಳಾದರೆ ಪ್ರತಿ ಕಂಪನಿಯ ಷೇರು ದಾಖಲೆ ನೋಡಿಕೊಳ್ಳುವ ರಿಜಿಸ್ಟ್ರಾರಿಗೆ ಐಎಸ್ಆರ್-1 ಅರ್ಜಿ ಬೇರೆಬೇರೆ ಕಳಿಸಬೇಕು. ದಿನಪತ್ರಿಕೆಯೊಳಗಿನ ಕರಪತ್ರ ನಿಲ್ಲಿಸುವ ದಾರಿ ಮಾತ್ರ ನನಗೆ ಸಿಕ್ಕಿಲ್ಲ. ನಸುಕಿನಲ್ಲಿ ಕಟ್ಟು ಬಿಚ್ಚಿದ ಜಾಗದಲ್ಲೇ ಎಲ್ಲ ಪ್ರತಿಗಳಿಗೂ ತುರುಕಿ ಮುಗಿಸಿರುತ್ತಾರೆ, ಯಾವ ಪ್ರತಿ ಯಾರ ಮನೆಗೆ ಎಂಬುದು ಆಮೇಲಿನ ಮಾತು. ಪೇಪರ್ ಹಾಕುವ ಹುಡುಗನನ್ನು ಬೈದು ಫಲವಿಲ್ಲ.

ರದ್ದಿಗೆ ಹಾಕುವ ಮುನ್ನ ಹೆಸರು, ವಿಳಾಸ, ಫೋನಿರುವ ಭಾಗವನ್ನು ಹರಿದು ತೆಗೆಯುತ್ತೇನೆ. ಪಾರ್ಸೆಲ್ ಡಬ್ಬಿಯ ಮೇಲಿನ ಚೀಟಿ ಹೆಚ್ಚಾಗಿ ಬಿಸಿಗೆ ಕಪ್ಪಾಗುವ ಥರ್ಮಲ್ ಕಾಗದ. ಇಸ್ತ್ರಿಪೆಟ್ಟಿಗೆಯ ತುದಿಯನ್ನು ಎರಡು ಸೆಕೆಂಡು ಮುಟ್ಟಿಸಿದರೆ ಬರಹವೆಲ್ಲ ಕಪ್ಪಾಗಿ ಓದಲಾಗದಂತಾಗುತ್ತದೆ. ಚೀಟಿಯ ಮೇಲೆ ಪ್ಲಾಸ್ಟಿಕ್ ಟೇಪು ಇದ್ದರೆ ಮೊದಲು ಕಿತ್ತುಬಿಡಿ, ಇಲ್ಲವೆಂದರೆ ಕರಗಿ ಇಸ್ತ್ರಿಪೆಟ್ಟಿಗೆಗೆ ಹತ್ತುತ್ತದೆ.

ಇಮೇಲಿಗೆ ಹೆಚ್ಚು ಹೇಳುವುದಿಲ್ಲ. ಹೆಸರು ಗೊತ್ತಿರುವ ಕಂಪನಿಯದ್ದಾದರೆ ಜಿಮೇಲ್ ಮೇಲ್ಭಾಗದಲ್ಲಿ ತಾನೇ ತೋರಿಸುವ ಅನ್‌ಸಬ್‌ಸ್ಕ್ರೈಬ್ ಒತ್ತಿ. ಗೊತ್ತಿಲ್ಲದವರದ್ದಾದರೆ ಒಳಗಿನ ಯಾವ ಕೊಂಡಿಯನ್ನೂ ಮುಟ್ಟದೆ ಸ್ಪ್ಯಾಮ್‌ಗೆ ಹಾಕಿ. ಒತ್ತಿದರೆ ಈ ವಿಳಾಸದಲ್ಲಿ ಮನುಷ್ಯರಿದ್ದಾರೆ ಎಂದು ನೀವೇ ಹೇಳಿದ ಹಾಗೆ. ಹೊಸ ತಾಣದಲ್ಲಿ ನೋಂದಾಯಿಸುವಾಗ ಜಿಮೇಲ್ ಹೆಸರಿನ ಮುಂದೆ ಕೂಡಿಸುವ ಚಿಹ್ನೆ ಹಾಕಿ ಆ ಅಂಗಡಿಯ ಹೆಸರು ಸೇರಿಸುತ್ತೇನೆ. ಪತ್ರ ನನಗೇ ಬರುತ್ತದೆ, ವಿಳಾಸ ಮಾರಿದವರು ಯಾರೆಂಬುದೂ ತಿಳಿಯುತ್ತದೆ.

ಇನ್ನು ಬಾಗಿಲಿಗೇ ಬರುವವರು. ‘ಗ್ಯಾಸ್ ಕಂಪನಿಯಿಂದ ಚೆಕಿಂಗ್’ ಎಂದು ಬಂದು ಪೈಪು ಮಾರುವವರನ್ನು ಹೊರಗೇ ನಿಲ್ಲಿಸಿ, ಗ್ಯಾಸ್ ಪುಸ್ತಕದಲ್ಲಿರುವ ವಿತರಕರ ನಂಬರಿಗೆ ನಾನೇ ಫೋನು ಮಾಡುತ್ತೇನೆ. ಅವರು ಕೊಟ್ಟ ನಂಬರಿಗೆ ಮಾಡುವುದಿಲ್ಲ. ‘ಉಚಿತ ನೀರು ಪರೀಕ್ಷೆ’ಯವರದ್ದು ಇದಕ್ಕಿಂತ ಚಾಲಾಕು. ಒಂದು ಲೋಟದಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ತಮ್ಮ ಆರ್‌ಓ ನೀರು ಇಟ್ಟು, ಲೋಹದ ಕಡ್ಡಿಗಳಿರುವ ಪೆಟ್ಟಿಗೆಯನ್ನು ಕರೆಂಟಿಗೆ ಹಾಕುತ್ತಾರೆ. ಒಂದೆರಡು ನಿಮಿಷದಲ್ಲಿ ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಚರಟ ಏಳುತ್ತದೆ, ಆರ್‌ಓ ನೀರು ತಿಳಿಯಾಗಿಯೇ ಇರುತ್ತದೆ. ಆ ಬಣ್ಣ ನೀರಿನ ಕೊಳೆಯದ್ದಲ್ಲ, ಕರಗಿದ ಕಬ್ಬಿಣದ ಕಡ್ಡಿಯದ್ದು. ನಲ್ಲಿ ನೀರಿನ ಲವಣಗಳಿಂದ ವಿದ್ಯುತ್ ಹರಿದು ಕಡ್ಡಿ ಸವೆಯುತ್ತದೆ, ಲವಣವಿಲ್ಲದ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದೇ ಇಲ್ಲ. ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ಅವರ ಆರ್‌ಓ ಲೋಟಕ್ಕೆ ಹಾಕಿ, ಕಲಕಿ, ‘ಇನ್ನೊಂದ್ಸಲ ಹಾಕಿ ನೋಡೋಣ’ ಎನ್ನಿ. ಅದೂ ಕಂದಾಗುತ್ತದೆ. ಕಡ್ಡಿ ನೀರಿನಲ್ಲಿರುವಾಗ ಲೋಟಕ್ಕೆ ಬೆರಳು ಹಾಕಬೇಡಿ, ಪ್ಲಗ್ ತೆಗೆದ ಮೇಲೆ ಉಪ್ಪು ಹಾಕಿ.