ವಡಾಪಾವ್ ಹೋಗಿ ಬಡಪಾಯಿ ಆದಾಗ: ನನ್ನ ಅನುಭವ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ಶನಿವಾರ, ಭಾನುವಾರ ಆರು ಮಕ್ಕಳಿಗೆ ಕನ್ನಡ ಓದಿಸುತ್ತೇನೆ. ಆರೂ ಜನಕ್ಕೆ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು-ಬರಹ ಕಷ್ಟವಾಗುವ ತೊಂದರೆ. ಇಂಗ್ಲಿಷಿನ ಬಿ-ಡಿ, ದೇವನಾಗರಿಯ ಘ-ಧ, ಕನ್ನಡದ ಪ-ಷ, ಎಲ್ಲ ಕಾಟವೂ ಒಂದೇ ತಲೆಗೆ. ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯಲ್ಲಿ ಜಾಸ್ತಿ ಟೈಮ್ ಸಿಗುತ್ತದೆ, ಸರಿ. ಆದರೆ ಇವರು ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲೂ ಒಂದು ಸಾಲು ಹಾಕುವುದಿಲ್ಲ, ತಪ್ಪು ನೋಡಿ ನಗುತ್ತಾರೆ ಅಂತ.

ಕುಮಟಾ ಹತ್ತಿರದ ಒಂದು ಶಾಲೆಯ ಮಕ್ಕಳ ಜೊತೆ ಪತ್ರ ಬರೆಸುತ್ತೇನೆ ಅಂದಾಗ ಜೊತೆಯ ಟೀಚರ್‌ಗಳೇ ನಕ್ಕರು. ಅಕ್ಷರವೇ ಕೂಡಿಸಲಾರದವನಿಗೆ ಪತ್ರ ಯಾಕೆ ಅಂತ. ಮೊದಲ ಸಲ ಅವರು ಹೇಳಿದ್ದೇ ಆಯಿತು. ಅಲ್ಲಿಂದ ಎರಡು ಪುಟ ಕೈಬರಹದ ಫೋಟೋ ಬಂತು, ಇಲ್ಲಿ ಒಬ್ಬ ಬಾತ್‌ರೂಮಿಗೆ ಹೋದವನು ವಾಪಸ್ ಬರಲಿಲ್ಲ.

ದುಡ್ಡೂ ಹೋಯಿತು. ಟ್ಯಾಬ್ಲೆಟ್‌ಗೆ ಸುಮಾರು 11 ಸಾವಿರ. ಓದಲು ಸುಲಭವಾಗಲಿ ಅಂತ ಪುಟದ ಮೇಲಿಡುವ ಪಾರದರ್ಶಕ ಬಣ್ಣದ ಹಾಳೆಗಳಿಗೆ 900, ಅದು ಪೂರ್ತಿ ದಂಡ, ಈಗ ನನ್ನ ಮಗಳು ಪುಸ್ತಕಕ್ಕೆ ಬೈಂಡ್ ಹಾಕುತ್ತಾಳೆ. ಕೆಲಸಕ್ಕೆ ಬಂದದ್ದು 700 ರೂಪಾಯಿಯ ಕಾಲರ್ ಮೈಕ್.

ಬರೆಯುವುದನ್ನು ಬಿಟ್ಟು ಮಾತಾಡಿಸಿದೆ, ಅದನ್ನೇ ರೆಕಾರ್ಡ್ ಮಾಡಿ ಕುಮಟಾಕ್ಕೆ ಕಳಿಸಿದೆ. ಒಬ್ಬನು ಮುಂಬೈ ಲೋಕಲ್ ರೈಲಿನ 'ಫೋರ್ತ್ ಸೀಟ್' ಬಗ್ಗೆ ಮೂರು ನಿಮಿಷ ಬಿಡದೆ ಹೇಳಿದ. ಮೂವರ ಸೀಟಿನಲ್ಲಿ ನಾಲ್ಕನೆಯವನು ಅರ್ಧ ಕುಂಡೆ ಊರಿಕೊಂಡು ಠಾಣೆವರೆಗೆ ಹೇಗೆ ಬರುತ್ತಾನೆ ಅಂತ ಕುರ್ಚಿಯ ತುದಿಯಲ್ಲಿ ಕೂತು ತೋರಿಸಿದ, ಕೇಳುವವರಿಗೆ ಅದು ಕಾಣುವುದಿಲ್ಲ ಅನ್ನುವುದು ಆಮೇಲೆ ನೆನಪಾಯಿತು. ಕುಮಟಾದಿಂದ ಎಂಟು ವಾಯ್ಸ್ ಮೆಸೇಜ್ ಬಂದವು, ಎಲ್ಲದರಲ್ಲೂ ಪ್ರಶ್ನೆ.

ಆಮೇಲೆ ಅದೇ ಮಾತನ್ನು ವಾಯ್ಸ್ ಟೈಪಿಂಗ್‌ಗೆ ಹಾಕಿದೆವು. ಅವನು 'ವಡಾಪಾವ್ ತಿಂದೆ' ಅಂದಿದ್ದ, ಫೋನ್ 'ಬಡಪಾಯಿ ತಿಂದೆ' ಅಂತ ಬರೆಯಿತು. ನಾನು ಬಾಯಿ ಮುಚ್ಚಿಕೊಂಡು ಕೂತೆ. ಅವನು ಬೆರಳಿಟ್ಟು ಹೋದ, ನಿಂತ, ಮತ್ತೆ ಹಿಂದೆ ಬಂದ. 'ಇದು ವ ಅಲ್ಲ!' ಒಂದು ವರ್ಷ ನನ್ನ ಫ್ಲಾಶ್ ಕಾರ್ಡಿಗೆ ಬಗ್ಗದ ಹುಡುಗ ಕಣ್ರೀ. ತಪ್ಪು ಫೋನಿನದು, ತನ್ನದಲ್ಲ, ಅಷ್ಟೇ ವ್ಯತ್ಯಾಸ. ತಿದ್ದಿದ ಸಾಲನ್ನು ದೊಡ್ಡ ಅಕ್ಷರದಲ್ಲಿ, ಸಾಲಿನ ನಡುವೆ ಜಾಗ ಬಿಟ್ಟು ಪ್ರಿಂಟ್ ಮಾಡಿದರೆ ಓದುತ್ತಾನೆ, ತನ್ನದೇ ಮಾತಲ್ವಾ.

ಫಾಂಟ್ ಹುಚ್ಚೂ ಸ್ವಲ್ಪ ಹಿಡಿದಿತ್ತು. 'ಬಲೂ ತಮ್ಮ' ಅನ್ನುವ ಫಾಂಟ್ ಮುದ್ದಾಗಿದೆ, ಆದರೆ ದಪ್ಪ, ಒತ್ತಕ್ಷರ ಕಿಕ್ಕಿರಿದಂತೆ ಕಾಣುತ್ತದೆ. 'ನೋಟೋ ಸಾನ್ಸ್' ಫಾಂಟಿಗೆ ವಾಪಸ್ ಬಂದೆ. ಒತ್ತಕ್ಷರಗಳನ್ನು ಯಾವ ಕ್ರಮದಲ್ಲಿ ತರುತ್ತೇನೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಮೂರು ವರ್ಷ ಸುರಿದಿದ್ದೇನೆ.

ಏಳೆಂಟು ತಿಂಗಳಾಯಿತು. ಆರರಲ್ಲಿ ನಾಲ್ವರು ಈಗ ಅಲ್ಲಿಂದ ಬರುವ ಐದಾರು ಸಾಲಿನ ಪತ್ರವನ್ನು ತಾವೇ ಓದುತ್ತಾರೆ. ಇಬ್ಬರು ಇನ್ನೂ ಕೇಳಿಸಿಕೊಳ್ಳುವುದರಲ್ಲೇ ಇದ್ದಾರೆ, ಇರಲಿ. ನಕ್ಕ ಟೀಚರ್ ಒಬ್ಬರು ಮೈಕ್ ಎಲ್ಲಿ ತಗೊಂಡಿರಿ ಅಂತ ಫೋನ್ ಮಾಡಿದ್ದರು.

ಮೇ ರಜೆಯಲ್ಲಿ ಕುಮಟಾದ ಒಬ್ಬ ಹುಡುಗ ಅಪ್ಪನ ಜೊತೆ ಮತ್ಸ್ಯಗಂಧ ರೈಲಿಗೆ ಬರುತ್ತಾನಂತೆ. ನಮ್ಮ ಫೋರ್ತ್ ಸೀಟ್ ಹುಡುಗ ಠಾಣೆ ಸ್ಟೇಷನ್ನಿನಲ್ಲಿ ಹಿಡಿದು ನಿಲ್ಲಲು ಅವನ ಹೆಸರಿನ ಬೋರ್ಡ್ ಈಗಲೇ ಬರೆದಿಟ್ಟಿದ್ದಾನೆ. ಒಂದು ಒತ್ತು ಬಿಟ್ಟುಹೋಗಿದೆ. ಮೇ ತನಕ ಟೈಮಿದೆ.